ಕಂಪೆನಿ ಮಾಡಿದ ತೂತು

ನಮ್ಮ ಮನೆಗೆ ಬಚ್ಚಲು ತೊಳೆಯುವ ಆಸಿಡ್ಡು ತರುವುದಿಲ್ಲ. ತಂದರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ನಾನು ಊಟ ಬಿಡುತ್ತೇನೆ, ನಾನು ಊಟ ಬಿಟ್ಟರೆ ನನ್ನ ಹೆಂಡತಿ ಮಾತು ಬಿಡುತ್ತಾಳೆ. ಇದೆಲ್ಲ ಗೊತ್ತಿಲ್ಲದ ಹೊಸ ಸೊಸೆ ಹೋದ ತಿಂಗಳು ಒಂದು ಬಾಟಲಿ ತಂದು ಬಚ್ಚಲಿಗೆ ಸುರಿದಳು. ನಾನು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಎದ್ದು ಹೋಗಿ ಕೂಗಾಡಿಬಿಟ್ಟೆ. ಹುಡುಗಿ ಹೆದರಿ ಅಡುಗೆಮನೆ ಸೇರಿಕೊಂಡಳು. ಆಮೇಲೆ ನನಗೇ ನಾಚಿಕೆಯಾಯಿತು. ಸಿಟ್ಟು ಅವಳ ಮೇಲಿನದಲ್ಲ. ಅದು ತೊಂಬತ್ತೇಳನೇ ಇಸವಿಯ ಮಳೆಗಾಲದ್ದು, ಇನ್ನೂ ಆರಿಲ್ಲ.

ಆಗ ನನಗೆ ಇಪ್ಪತ್ತೆಂಟು. ನಂಜನಗೂಡಿನ ಬಸ್ ಸ್ಟ್ಯಾಂಡಿನ ಹಿಂದೆ ರಾಚಪ್ಪ ಮೇಸ್ತ್ರಿಯ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಕೆಲಸ. ಬಿಳಿಗೆರೆ, ಹದಿನಾರು, ತಗಡೂರು ಕಡೆಯ ರೈತರು ಕೆಟ್ಟುಹೋದ ಡೀಸೆಲ್ ಪಂಪುಗಳನ್ನು ಗಾಡಿಯಲ್ಲಿ ಹೇರಿಕೊಂಡು ನಮ್ಮಲ್ಲಿಗೇ ಬರುತ್ತಿದ್ದರು. ಮೇಸ್ತ್ರಿಗೆ ಕೈ ಇತ್ತು, ಓದು ಇರಲಿಲ್ಲ. ನನಗೆ ಮೈಸೂರಿನಲ್ಲಿ ಐಟಿಐ ಆಗಿತ್ತು. ಆ ಒಂದು ಸರ್ಟಿಫಿಕೇಟಿನ ದೆಸೆಯಿಂದ ನನ್ನ ಅಪ್ಪನಿಗಿಂತ ದೊಡ್ಡವರೂ ನನ್ನನ್ನು ‘ಸಾ’ ಅನ್ನುತ್ತಿದ್ದರು, ನಾನು ಅವರನ್ನು ‘ನೀನು’ ಅನ್ನುತ್ತಿದ್ದೆ. ಅವರೂ ಅದನ್ನು ತಪ್ಪು ಅಂದುಕೊಳ್ಳಲಿಲ್ಲ, ನಾನೂ ಅಂದುಕೊಳ್ಳಲಿಲ್ಲ. ಎಂಜಿನ್ ಕೆಮ್ಮಿದ ಸದ್ದು ಕೇಳಿಯೇ ರೋಗ ಹೇಳುತ್ತೇನೆ ಅನ್ನುವ ಗರ್ವ ನನಗಿತ್ತು. ಹೇಳುತ್ತಲೂ ಇದ್ದೆ, ಅದೇ ಕಷ್ಟವಾದದ್ದು.

ಟಿ. ನರಸೀಪುರದಲ್ಲಿ ಕಪಿಲೆ ಬಂದು ಕಾವೇರಿಗೆ ಸೇರಿದ ಮೇಲೆ ಹೊಳೆ ಅಗಲವಾಗುತ್ತದೆ. ಅಲ್ಲಿಂದ ಕೆಳಗೆ, ಆಚೆ ದಡದಲ್ಲಿ ಒಂದು ಊರಿದೆ. ಹೆಸರು ಬರೆಯುವುದಿಲ್ಲ, ಆ ಊರಿನ ಹೆಸರೆತ್ತುವ ಮುಖ ನನಗಿಲ್ಲ. ಆಗ ಅಲ್ಲಿಗೆ ಸೇತುವೆ ಇರಲಿಲ್ಲ. ಸಂತೆಗೂ ಆಸ್ಪತ್ರೆಗೂ ಹೈಸ್ಕೂಲಿಗೂ ಮಾದಣ್ಣನ ದೋಣಿಯೇ ಗತಿ. ಮಾದಣ್ಣನಿಗೆ ಐವತ್ತು ದಾಟಿತ್ತು. ಅವನ ಅಪ್ಪನೂ ಅದೇ ಕಡವಿನಲ್ಲಿ ದೋಣಿ ಹಾಕಿದವನು. ಉದ್ದನೆಯ ಬಿದಿರು ಗಳವನ್ನು ನೀರಿಗೆ ಊರಿ, ಎದೆಗೆ ಒತ್ತಿಕೊಂಡು ದೋಣಿಯ ಮೂತಿಯಿಂದ ಬಾಲದವರೆಗೆ ನಡೆದು ಬರುತ್ತಿದ್ದ. ಅವನ ಅಂಗೈಗಳು ಎತ್ತಿನ ಗೊರಸಿನ ಹಾಗೆ ಗಟ್ಟಿಯಾಗಿದ್ದವು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟ ದಿನ ಮಾತ್ರ ಗಳ ನೆಲಕ್ಕೆ ಎಟುಕುತ್ತಿರಲಿಲ್ಲ, ದೋಣಿ ನಿಲ್ಲುತ್ತಿತ್ತು, ಊರು ಆಚೆಯೇ ಉಳಿಯುತ್ತಿತ್ತು.

ಆ ಊರಿಗೆ ಮೋಟಾರು ದೋಣಿ ತಂದೇ ತರುತ್ತೇನೆ ಎಂದು ಮಾತು ಕೊಟ್ಟವರು ಅಕ್ಕಿ ಗಿರಣಿಯ ಗುರುಸಿದ್ದಪ್ಪನವರು. ಎಲೆಕ್ಷನ್ನಿಗೆ ನಿಲ್ಲುವ ಆಸೆ ಇತ್ತು ಅವರಿಗೆ. ಊರವರ ಮೇಲಿನ ಪ್ರೀತಿ ಸುಳ್ಳು ಅಂತಲ್ಲ, ಎರಡೂ ಒಟ್ಟಿಗೇ ಇದ್ದವು. ಕರಾವಳಿಯ ಯಾವುದೋ ಬಂದರಿನಲ್ಲಿ ಮೀನು ಹಿಡಿದು ಹಿಡಿದು ಸವೆದಿದ್ದ ಒಂದು ದೋಣಿಯನ್ನು ಎಂಜಿನ್ ಸಮೇತ ಲಾರಿಗೆ ಹಾಕಿಸಿಕೊಂಡು ಬಂದರು. ದೋಣಿಯನ್ನು ಹೊಳೆಯ ದಡದಲ್ಲಿ ಇಳಿಸಿ, ಎಂಜಿನ್ನನ್ನು ಸರಿಮಾಡಿಸಲು ನಮ್ಮ ಅಂಗಡಿಗೆ ತಂದರು. ಹೊಸ ಹಸಿರು ಬಣ್ಣ ಬಳಿದು, ಮದುಮಗಳ ಹಾಗೆ ಸಿಂಗರಿಸಿದ್ದರು. ಶ್ರಾವಣದ ಮೊದಲನೇ ಸೋಮವಾರ ಉದ್ಘಾಟನೆ ಅಂತ ಕಾರ್ಡು ಕೂಡ ಅಚ್ಚಾಗಿತ್ತು. ನಮಗೆ ಉಳಿದದ್ದು ಹನ್ನೆರಡು ದಿನ.

ಎಂಜಿನ್ ಜೊತೆ ಕರಾವಳಿಯಿಂದ ವಾಸಣ್ಣ ಅನ್ನುವವರು ಬಂದಿದ್ದರು, ಅದನ್ನು ಬಹಳ ವರ್ಷ ಓಡಿಸಿದವರು. ದೋಣಿ ಓಡಿಸಲು ಕಲಿಯಬೇಕಲ್ಲ ಅಂತ ಮಾದಣ್ಣನೂ ಅಂಗಡಿಗೆ ಬಂದಿದ್ದ. ವಾಸಣ್ಣ ಅವನಿಗೆ ಸ್ಟಾರ್ಟ್ ಮಾಡುವುದು, ನಿಲ್ಲಿಸುವುದು ತೋರಿಸಿದರು. ಸಂಜೆಯ ಬಸ್ಸಿಗೆ ಹೊರಡುವಾಗ ಹಿಂತಿರುಗಿ ಒಂದು ಮಾತು ಹೇಳಿದರು.

“ಒಂದು ನೋಡ್ತಾ ಇರಿ ಮಾರಾಯ್ರೆ. ಹಿಂದಿನಿಂದ ಉಚ್ಚೆ ಹೊಯ್ತಾ ಇರ್ಬೇಕು. ಅದು ನಿಂತ್ರೆ ಎಂಜಿನ್ ನಿಲ್ಸಿಬಿಡಿ.”

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರ ಮಾತಿನ ರಾಗವೇ ನಮಗೆ ತಮಾಷೆ, ಅದರ ಮೇಲೆ ಇದು ಬೇರೆ. ಆಮೇಲೆ ಎರಡು ದಿನ ಅಂಗಡಿಯಲ್ಲಿ ಯಾರೇ ಗೋಡೆ ಕಡೆ ಹೋದರೂ, ಹೊಯ್ತಾ ಇದೆಯಾ, ನಿಂತಿಲ್ಲ ತಾನೆ ಅಂತ ಕೇಳುವುದೇ ಆಯಿತು. ಮಾದಣ್ಣ ಮಾತ್ರ ನಗಲಿಲ್ಲ. ಅವನು ಹೇಳಿದ್ದನ್ನು ಹೇಳಿದ ಹಾಗೆ ತಲೆಯಲ್ಲಿ ಇಟ್ಟುಕೊಳ್ಳುವ ಮನುಷ್ಯ.

ಮಾರನೇ ದಿನ ಹಸಿರು ಬಣ್ಣ ಕೆರೆದು ನೋಡಿದರೆ ಕೆಳಗೆ ಬರೀ ತುಕ್ಕು, ಹಪ್ಪಳದ ಹಾಗೆ ಪದರ ಪದರ ಏಳುತ್ತಿತ್ತು. ಹೊಗೆ ಹೋಗುವ ಕಡೆಯಂತೂ ನೋಡುವ ಹಾಗಿರಲಿಲ್ಲ. ಪಂಪ್‌ಸೆಟ್ಟಿನಲ್ಲಾದರೆ ಎಂಜಿನ್ನಿನಿಂದ ಒಂದು ಕಬ್ಬಿಣದ ಪೈಪು ನೆಟ್ಟಗೆ ಮೇಲೆ ಹೋಗಿ ಹೊಗೆ ಬಿಡುತ್ತದೆ, ಅಷ್ಟೆ. ಇದರಲ್ಲಿ ಹೊಗೆಯ ದಾರಿಯ ಸುತ್ತ ಇನ್ನೊಂದು ಗೋಡೆ, ಎರಡು ಗೋಡೆಗಳ ನಡುವೆ ನೀರು ಓಡಾಡಲು ಜಾಗ. ಅದರ ತುದಿಗೆ ಮೊಣಕೈಯಂತೆ ಬಾಗಿದ ಬೀಡು ಕಬ್ಬಿಣದ ಒಂದು ತುಂಡು. ಅದಕ್ಕೆ ನಾವು ಮೊಣಕೈ ಅಂತಲೇ ಹೆಸರಿಟ್ಟೆವು. ಮೊಣಕೈಯಿಂದ ಮುಂದೆ ದೋಣಿಯ ಹಿಂಭಾಗದವರೆಗೆ ತೋಳು ದಪ್ಪದ ರಬ್ಬರ್ ಪೈಪು. ಹೊಗೆಗೆ ರಬ್ಬರ್ ಪೈಪು ಯಾಕೆ ಅಂತ ನನಗೆ ಅನುಮಾನ ಬಂತು. ಕರಾವಳಿಯವರಿಗೆ ಕಬ್ಬಿಣದ ಪೈಪು ಹಾಕಲು ಬುದ್ಧಿ ಇಲ್ಲ ಅಂತ ಮೇಸ್ತ್ರಿ ಅಂದ, ನಾನು ಹೌದು ಅಂದೆ. ಇವತ್ತಿಗೂ ಆ ‘ಹೌದು’ ನೆನೆದರೆ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಬೋಲ್ಟುಗಳನ್ನು ಬಿಚ್ಚಲು ಮೂರು ದಿನ ಹಿಡಿಯಿತು. ಸೀಮೆಎಣ್ಣೆ ಹಾಕಿ ನೆನೆಸಿ, ಗ್ಯಾಸಿನಿಂದ ಕಾಯಿಸಿ, ಸುತ್ತಿಗೆಯಿಂದ ತಟ್ಟಿ, ಮತ್ತೆ ನೆನೆಸಿ. ಎರಡು ಬೋಲ್ಟು ಕುತ್ತಿಗೆ ಮುರಿದುಕೊಂಡವು, ಡ್ರಿಲ್ಲು ಹಾಕಿ ತೆಗೆದೆ. ಒಳಗೆ ನೀರಿನ ದಾರಿ ತುಂಬ ಉಪ್ಪು, ತುಕ್ಕು, ಮಸಿ ಸೇರಿ ಕಲ್ಲಾಗಿತ್ತು. ಅರ್ಧ ಕತ್ತರಿಸಿದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಆಸಿಡ್ಡಿಗೆ ನೀರು ಬೆರೆಸಿ ಅದನ್ನೆಲ್ಲ ಮುಳುಗಿಸಿಟ್ಟೆ. ಬುಸುಬುಸು ಎಂದು ನೊರೆ ಎದ್ದು, ಆ ಘಾಟು ಬಸ್ ಸ್ಟ್ಯಾಂಡಿನವರೆಗೂ ಹೋಗಿ, ಹೋಟೆಲಿನವನು ಬಂದು ಜಗಳ ಆಡಿದ. ಹೊರಗೆ ಜಡಿಮಳೆ, ಒಳಗೆ ಈ ಘಾಟು. ನನ್ನ ಕಣ್ಣು ಕೆಂಡವಾಗಿತ್ತು, ಆದರೂ ಖುಷಿಯಾಗಿದ್ದೆ. ಇಂಥ ಕೆಲಸ ಈ ತಾಲ್ಲೂಕಿನಲ್ಲೇ ಯಾರೂ ಮಾಡಿರಲಿಲ್ಲ.

ಆಸಿಡ್ಡಿನಿಂದ ತೆಗೆದು ಸೋಡಾ ನೀರಿನಲ್ಲಿ ತೊಳೆದ ಮೇಲೆ ಮೊಣಕೈಯ ನಿಜವಾದ ಬಣ್ಣ ಬಯಲಾಯಿತು. ಸ್ಪ್ಯಾನರಿನಿಂದ ತಟ್ಟಿದರೆ ಕೆಲವು ಕಡೆ ಠಣ್ ಅನ್ನದೆ ಒದ್ದೆ ಮಡಕೆಯ ಹಾಗೆ ಸದ್ದು ಮಾಡಿತು. ಜೋರಾಗಿ ತಟ್ಟಿದಲ್ಲಿ ಸ್ಪ್ಯಾನರು ಒಳಗೇ ಹೋಯಿತು. ಎಣಿಸಿದೆ, ಐದು ತೂತು. ಇದು ಆಗುವ ಕೆಲಸವಲ್ಲ, ಹೊಸದು ತರಿಸಬೇಕು ಅಂತ ಗುರುಸಿದ್ದಪ್ಪನವರಿಗೆ ಹೇಳಿ ಕಳಿಸಿದೆವು. ಅವರು ಸ್ಕೂಟರಿನಲ್ಲಿ ಬಂದು, ಕಾರ್ಡು ಹಂಚಿ ಆಗಿದೆ, ದೊಡ್ಡವರು ಬರುತ್ತಾರೆ, ನಿನಗೆ ಕೈಲಾಗದಿದ್ದರೆ ಹೇಳು, ಮೈಸೂರಿಗೆ ಒಯ್ಯುತ್ತೇನೆ ಅಂದರು. ಕೈಲಾಗದಿದ್ದರೆ ಅನ್ನುವ ಮಾತು ನನ್ನ ಎದೆಗೆ ನಾಟಿತು. ಹಿತ್ತಾಳೆ ಕಡ್ಡಿ ಕರಗಿಸಿ ಒಂದೊಂದೇ ತೂತು ಮುಚ್ಚಿದೆ. ಬೀಡು ಕಬ್ಬಿಣ ಬೇಗ ಆರಿದರೆ ಸೀಳುತ್ತದೆ, ಅದಕ್ಕೆ ಗಿರಣಿಯಿಂದ ಭತ್ತದ ಹೊಟ್ಟಿನ ಬೂದಿ ತರಿಸಿ ಅದರೊಳಗೆ ಒಂದು ಹಗಲು ಒಂದು ರಾತ್ರಿ ಹೂತಿಟ್ಟೆ. ಒಂದು ಕಡೆಯೂ ಬಿರುಕು ಬಿಡಲಿಲ್ಲ. ಆ ಕೈಚಳಕದ ಬಗ್ಗೆ ಇವತ್ತೂ ನನಗೆ ಹೆಮ್ಮೆ ಇದೆ, ಹೇಳಲು ನಾಚಿಕೆಯಾಗುತ್ತದೆ ಅಷ್ಟೆ.

ಐದು ತೂತುಗಳಲ್ಲಿ ಒಂದು ಮೊಣಕೈಯ ಒಳಗೋಡೆಯಲ್ಲಿತ್ತು, ಬಾಗಿದ ಜಾಗಕ್ಕೆ ಸರಿಯಾಗಿ. ಬೆರಳು ತೂರುವಷ್ಟು. ಅಂಚೆಲ್ಲ ಉಪ್ಪು ತಿಂದು ಸೊಟ್ಟಪಟ್ಟ ಆಗಿತ್ತು. ಅದರ ಮೂಲಕ ಸುತ್ತಲಿನ ನೀರು ಹೊಗೆಯ ದಾರಿಗೆ ಬೀಳುತ್ತಿತ್ತು. ಪಂಪ್‌ಸೆಟ್ಟಿನಲ್ಲಿ ಹೊಗೆಯ ಜೊತೆ ನೀರು ಬಂತು ಅಂದರೆ ಎಂಜಿನ್ ಕೆಟ್ಟಿತು ಅಂತಲೇ ಅರ್ಥ, ಇದು ನಮ್ಮ ಕಡೆಯ ಎಳೆ ಮಗುವಿಗೂ ಗೊತ್ತು. ಎಲ್ಲಾ ರೋಗದ ಮೂಲ ಇಲ್ಲಿದೆ ನೋಡು ಅಂತ ಮೇಸ್ತ್ರಿಗೆ ತೋರಿಸಿದೆ. ಆ ತೂತಿಗೆ ಬರೀ ಹಿತ್ತಾಳೆ ಸಾಲದು ಅಂತ ಒಂದು ಬೋಲ್ಟಿನ ತಲೆ ಕತ್ತರಿಸಿ, ಒಳಗೆ ಜಡಿದು, ಮೇಲೆ ಹಿತ್ತಾಳೆ ಹುಯ್ದೆ. ಹೋಗಲು ದಾರಿಯಿಲ್ಲದ ನೀರಿಗೆ ಪಕ್ಕದಿಂದ ಬೇರೆ ಪೈಪು ಹಾಕಿ ದೋಣಿಯ ಹೊರಗೆ ಬಿಟ್ಟೆ. ರಬ್ಬರ್ ಪೈಪನ್ನು ತೆಗೆದು ಕಬ್ಬಿಣದ್ದು ಹಾಕಲು ನನಗೆ ಇನ್ನೆರಡು ದಿನ ಬೇಕಿತ್ತು. ಸೋಮವಾರ ಹತ್ತಿರ ಬಂದೇಬಿಟ್ಟಿತು, ರಬ್ಬರ್ ಪೈಪೇ ಉಳಿಯಿತು.

ಭಾನುವಾರ ಹೊಳೆಯಲ್ಲಿ ಓಡಿಸಿ ನೋಡಿದೆವು. ಎಂಜಿನ್ ಒಂದೇ ಏಟಿಗೆ ಹತ್ತಿಕೊಂಡಿತು. ದಡದಲ್ಲಿ ನಿಂತ ಜನ ಚಪ್ಪಾಳೆ ಹೊಡೆದರು. ಹಿಂದಿನಿಂದ ಒಣ ಹೊಗೆ, ಪಕ್ಕದಿಂದ ನಾನು ಹಾಕಿದ ಪೈಪಿನಲ್ಲಿ ನೀರು. ಮಾದಣ್ಣ ಹಿಂಭಾಗಕ್ಕೆ ಹೋಗಿ ಬಗ್ಗಿ ನೋಡಿದ, ಪಕ್ಕಕ್ಕೆ ಬಂದು ನೋಡಿದ, ತಲೆ ಕೆರೆದುಕೊಂಡ.

“ಸಾ, ಆ ವಾಸಣ್ಣೋರು ಇಂದ್ಗಡೆಯಿಂದ ಉಯ್ಬೇಕು ಅಂದಿದ್ರು. ಇದು ಪಕ್ಕದಿಂದ ಉಯ್ತದಲ್ಲ ಸಾ.”

ಗುರುಸಿದ್ದಪ್ಪನವರು ನಕ್ಕರು. ಮೇಸ್ತ್ರಿ ನಕ್ಕ. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.

“ಎಲ್ಲಿಂದ ಹೊಯ್ದರೂ ಉಚ್ಚೆ ಉಚ್ಚೆನೇ ಕಣಪ್ಪ. ನೀನು ಗಳ ಹಿಡಿ, ಎಂಜಿನ್ ನಂಗೆ ಬಿಡು.”

ಅವನೂ ನಕ್ಕ. ಎಲ್ಲರೂ ನಗುವಾಗ ಒಬ್ಬನೇ ಹೇಗೆ ನಿಲ್ಲುವುದು ಅಂತ ನಕ್ಕ, ಅಷ್ಟೆ. ಅದು ಆಗಲೇ ನನಗೆ ಕಂಡಿತ್ತು.

ಉದ್ಘಾಟನೆಯಾಯಿತು. ಒಂದು ವಾರ ದೋಣಿ ಹೋಗಿ ಬಂದು ಮಾಡಿತು. ಹೊಳೆ ಇಳಿದಿತ್ತು, ದಾಟಲು ಹತ್ತು ನಿಮಿಷ, ರಬ್ಬರು ಕಾಯುವಷ್ಟರಲ್ಲಿ ಆಚೆ ದಡ. ಎಂಟನೇ ದಿನ ಸಂತೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟು ಹೊಳೆ ಕೆಂಪಾಗಿ ಉಕ್ಕಿ ಬಂದಿತ್ತು. ಇಂಥ ದಿನಕ್ಕೇ ಅಲ್ಲವೇ ಮೋಟಾರು ದೋಣಿ ತಂದದ್ದು ಅಂತ ಗುರುಸಿದ್ದಪ್ಪನವರು ಬಿಡಲು ಹೇಳಿದರು. ಬೋಲ್ಟು ಸಡಿಲಾಗಿದ್ದರೆ ಬಿಗಿ ಮಾಡೋಣ ಅಂತ ನಾನು ಆ ದಿನ ನಂಜನಗೂಡಿನಿಂದ ಬಂದು ಈಚೆ ದಡದಲ್ಲಿ ನಿಂತಿದ್ದೆ. ದೋಣಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ, ಸಂತೆ ಬುಟ್ಟಿ, ಎರಡು ಆಡು, ಹೈಸ್ಕೂಲಿನ ಹೆಣ್ಣುಮಕ್ಕಳು. ಸೆಳವಿಗೆ ಎದುರಾಗಿ ಬರಬೇಕಾಗಿ ಎಂಜಿನ್ ಪೂರ್ತಿ ಜೋರಿನಲ್ಲಿ ಅರ್ಧ ಗಂಟೆ ಓಡಿತು. ನಡುಹೊಳೆಯಲ್ಲಿ ದೋಣಿಯ ಹಿಂದಿನಿಂದ ಕಪ್ಪು ಹೊಗೆ ಎದ್ದಿತು. ಗಾಳಿ ನನ್ನ ಕಡೆಗಿತ್ತು. ಮೊದಲು ಬಂದದ್ದು ಸುಟ್ಟ ರಬ್ಬರಿನ ವಾಸನೆ, ಆಮೇಲೆ ಹೆಂಗಸರ ಕೂಗು.

ಆಗಿದ್ದು ಇಷ್ಟು. ರಬ್ಬರ್ ಪೈಪು ಮೊಣಕೈಯ ಹತ್ತಿರ ಉರಿದು ಕಳಚಿ ದೋಣಿಯ ತಳಕ್ಕೆ ಬಿತ್ತು. ಅದರ ಇನ್ನೊಂದು ತುದಿ ದೋಣಿಯ ಹಿಂಭಾಗದ ತೂತಿನಲ್ಲಿ ಹೊಳೆಗೆ ತೆರೆದುಕೊಂಡಿತ್ತಲ್ಲ, ಜನದ ಭಾರಕ್ಕೆ ಆ ತೂತು ನೀರಿನಲ್ಲಿ ಮುಳುಗಿತ್ತು. ಪೈಪಿನೊಳಗಿಂದ ಹೊಳೆ ದೋಣಿಗೆ ನುಗ್ಗಿತು. ಮಾದಣ್ಣ ಎಂಜಿನ್ ನಿಲ್ಲಿಸಿ, ಉರಿಯುತ್ತಿದ್ದ ಆ ಪೈಪಿನ ತುದಿಯನ್ನು ಎರಡೂ ಕೈಯಿಂದ ಹಿಡಿದು ತಲೆಯ ಮಟ್ಟಕ್ಕೆ ಎತ್ತಿ ನಿಂತ. ಎತ್ತಿ ಹಿಡಿದಷ್ಟು ಹೊತ್ತು ನೀರು ಒಳಗೆ ಬರಲಿಲ್ಲ. ಎಂಜಿನ್ ಇಲ್ಲದ ದೋಣಿ ಸೆಳವಿನಲ್ಲಿ ಕೆಳಗೆ ಹೋಗುತ್ತಾ ಇತ್ತು, ನಾನು ದಡದ ಮೇಲೆ ಅದರ ಜೊತೆ ಓಡುತ್ತಾ ಇದ್ದೆ. ಮೀನು ಹಿಡಿಯುವವರು ಹರಿಗೋಲು ಹಾಕಿ ದೋಣಿಗೆ ಹಗ್ಗ ಕಟ್ಟಿ ದಡ ಮುಟ್ಟಿಸುವವರೆಗೂ ಅವನು ಕೈ ಇಳಿಸಲಿಲ್ಲ. ಎಲ್ಲರೂ ಇಳಿದ ಮೇಲೆ ಬಿಡು ಅಂದರೆ ಬಿಡಲು ಬರಲಿಲ್ಲ. ಕರಗಿದ ರಬ್ಬರು ಅಂಗೈಗೆ ಹತ್ತಿಕೊಂಡಿತ್ತು.

ಯಾರೂ ಸಾಯಲಿಲ್ಲ. ಈ ಎರಡು ಪದದ ಮಾತಿನ ಮೇಲೆ ನನಗಿರುವಷ್ಟು ಸಿಟ್ಟು ಇನ್ಯಾವುದರ ಮೇಲೂ ಇಲ್ಲ. ಗುರುಸಿದ್ದಪ್ಪನವರು ಅದನ್ನೇ ಹೇಳಿದರು, ಮೇಸ್ತ್ರಿ ಅದನ್ನೇ ಹೇಳಿದ, ನನ್ನ ಅವ್ವ ಕೂಡ ದೇವರಿಗೆ ತುಪ್ಪದ ದೀಪ ಹಚ್ಚಿ ಅದನ್ನೇ ಹೇಳಿದಳು. ಕೈ ಹೋದರೆ ಪರವಾಗಿಲ್ಲವೇನು? ಗಳ ಹಿಡಿಯುವವನಿಗೆ ಕೈಯಲ್ಲದೆ ಇನ್ನೇನಿದೆ?

ನಾಲ್ಕನೇ ದಿನ ಎಸ್‌ಟಿಡಿ ಬೂತಿನಿಂದ ವಾಸಣ್ಣನಿಗೆ ಫೋನು ಮಾಡಿದೆ. ಹಿಂದಿನಿಂದ ನೀರು ಬರ್ತಾ ಇತ್ತಾ ಅಂತ ಮೊದಲು ಕೇಳಿದರು. ಇಲ್ಲ, ಮೊಣಕೈಯ ಒಳಗೆ ಒಂದು ತೂತಿತ್ತು, ಉಪ್ಪು ತಿಂದಿತ್ತು, ಅದನ್ನು ಮುಚ್ಚಿದೆ ಅಂದೆ.

“ಅದು ಉಪ್ಪು ಮಾಡಿದ ತೂತಲ್ಲ ಮಾರಾಯ್ರೆ,” ಅಂದರು. “ಕಂಪೆನಿ ಮಾಡಿದ ತೂತು.”

ಹೊಗೆಯನ್ನು ತಣ್ಣಗೆ ಮಾಡಲೆಂದೇ ಅಲ್ಲಿ ನೀರು ಬೀಳಬೇಕಂತೆ. ನೀರು ಬಿದ್ದರೆ ತಾನೇ ರಬ್ಬರು ಉಳಿಯುವುದು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ತಾವೇ ಸರಿಯಾಗಿ ಬಿಡಿಸಿ ಹೇಳಬೇಕಿತ್ತು ಅಂತ ತಮ್ಮನ್ನೇ ಹಳಿದುಕೊಂಡರು. ಅದೂ ನನಗೆ ಸಿಟ್ಟು ತರಿಸಿತು.

ಅದಾದ ಮೇಲೆ ಆ ಊರಿನ ಶಾಲೆಯ ಜಗುಲಿಯಲ್ಲಿ ಪಂಚಾಯಿತಿ ಸೇರಿತು. ನಮ್ಮನ್ನೂ ಕರೆಸಿದ್ದರು. ಮಾದಣ್ಣ ಎರಡೂ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕಂಬದ ಬುಡದಲ್ಲಿ ಕೂತಿದ್ದ. ಗುರುಸಿದ್ದಪ್ಪನವರು ಎದ್ದು ನಿಂತು, ಎಂಜಿನ್ ಚೆನ್ನಾಗಿತ್ತು, ಐಟಿಐ ಓದಿದವರೇ ರಿಪೇರಿ ಮಾಡಿದ್ದು, ಇವನು ಬೆಳಿಗ್ಗೆಯೇ ಹಾಕ್ಕೊಂಡು ಬಂದು ಎಗ್ಗಿಲ್ಲದೆ ಜೋರು ಓಡಿಸಿದ್ದಾನೆ ಅಂದರು. ಮಾದಣ್ಣ ಕುಡಿಯುವವನಲ್ಲ ಅನ್ನುವುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಹಿರಿಯರೊಬ್ಬರು ನನ್ನ ಕಡೆ ತಿರುಗಿ, ಎಂಜಿನ್ನಿನಲ್ಲಿ ಏನಾದರೂ ಐಬು ಇತ್ತೇನಪ್ಪ ಅಂತ ಕೇಳಿದರು. ಮೇಸ್ತ್ರಿ ಪಂಚೆಯ ಮರೆಯಲ್ಲಿ ನನ್ನ ತೊಡೆ ಅದುಮಿದ. ಮಾದಣ್ಣ ತಲೆ ಎತ್ತಿ ಒಂದು ಸಲ ನನ್ನನ್ನು ನೋಡಿದ.

ನಾನು ಇಲ್ಲ ಅಂದೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತ ನಮ್ಮಲ್ಲಿ ಗಾದೆ ಇದೆ. ಸುಳ್ಳು. ಉಪ್ಪು ತಿಂದವರು ನಾವು ಮೂವರು, ನೀರು ಕುಡಿದವನು ಮಾದಣ್ಣ. ಕಡವನ್ನು ಅವನಿಂದ ಬಿಡಿಸಿ ಬೇರೆಯವರಿಗೆ ಕೊಟ್ಟರು. ಬ್ಯಾಂಡೇಜು ಬಿಚ್ಚಿದ ಮೇಲೆ ಅವನ ಬೆರಳುಗಳು ಒಳಗೆ ಮಡಚಿಕೊಂಡು ಹಾಗೇ ನಿಂತುಬಿಟ್ಟವಂತೆ, ಗಳ ಹಿಡಿಯಲು ಬರಲಿಲ್ಲ, ಆಡು ಮೇಯಿಸಲು ಹೋದನಂತೆ. ಎಲ್ಲ ಅಂತೆಕಂತೆ, ನಾನು ಹೋಗಿ ನೋಡಲಿಲ್ಲ. ಆ ತಿಂಗಳೇ ಮೇಸ್ತ್ರಿಯ ಹತ್ತಿರ ಜಗಳ ಮಾಡಿ ಅಂಗಡಿ ಬಿಟ್ಟೆ. ನೀನು ತೊಡೆ ಅದುಮಿದ್ದಕ್ಕೆ ಸುಳ್ಳು ಹೇಳಿದೆ ಅಂದೆ. ನಿನ್ನ ನಾಲಿಗೆ ನನ್ನ ಕೈಲಿತ್ತೇನ್ಲಾ ಅಂತ ಅವನು ಕೇಳಿದ. ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಸೇರಿದೆ. ಕೆಲವು ವರ್ಷದ ಮೇಲೆ ಆ ಊರಿಗೆ ಸೇತುವೆಯೂ ಆಯಿತು ಅಂತ ಕೇಳಿದೆ.

ಸೊಸೆಯ ಮೇಲೆ ಕೂಗಾಡಿದ ಮಾರನೇ ದಿನ ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋದೆ, ಅಲ್ಲಿಂದ ಆಟೋ ಮಾಡಿಕೊಂಡು ಆ ಸೇತುವೆಗೆ. ಸೇತುವೆ ತುದಿಯಲ್ಲಿ ಒಂದು ಟೀ ಅಂಗಡಿ. ಬೆಂಚಿನ ಮೇಲೆ ಒಬ್ಬ ಮುದುಕ ಕೂತಿದ್ದ, ಎರಡೂ ಅಂಗೈ ನಡುವೆ ಗ್ಲಾಸು ಒತ್ತಿ ಹಿಡಿದು ಟೀ ಕುಡಿಯುತ್ತಿದ್ದ. ನಾನು ಯಾರೆಂದು ಹೇಳುವ ಮೊದಲೇ ಮಾದಣ್ಣನೇ ಗುರುತು ಹಿಡಿದ. ಬನ್ನಿ ಸಾ, ಕೂತ್ಕಳಿ, ಎಂಜಿನ್ ಸಾ ಅಲ್ವಾ ಅಂದ. ಅಂಗಡಿಯಲ್ಲಿದ್ದ ಮಗಳಿಗೆ ಇನ್ನೊಂದು ಟೀ ಹೇಳಿದ.

ಬಸ್ಸಿನಲ್ಲಿ ಉರು ಹೊಡೆದುಕೊಂಡು ಬಂದದ್ದನ್ನೆಲ್ಲ ಮರೆತು ಒಂದೇ ಉಸಿರಿಗೆ ಹೇಳಿದೆ. ಆ ತೂತು ಮುಚ್ಚಿದವನು ನಾನು, ಪಂಚಾಯಿತಿಗೆ ಬರುವ ಮೊದಲೇ ನನಗೆ ಗೊತ್ತಿತ್ತು, ಆದರೂ ಇಲ್ಲ ಅಂದೆ. ಅವನು ಹೊಳೆಯನ್ನು ನೋಡುತ್ತಾ ಕೇಳಿಸಿಕೊಂಡ.

“ಗೊತ್ತು ಸಾ. ನಾನು ಅವತ್ತೇ ಕೇಳ್ದೆ ಅಲ್ವಾ, ಇಂದ್ಗಡೆಯಿಂದ ಉಯ್ತಿಲ್ವಲ್ಲ ಅಂತ.”

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಈ ಮನುಷ್ಯ ಇಷ್ಟು ವರ್ಷ ಎಲ್ಲ ಗೊತ್ತಿದ್ದೂ ಸುಮ್ಮನಿದ್ದನಲ್ಲ ಅಂತ ನನ್ನ ಮೈಯೆಲ್ಲ ಉರಿಯಿತು. ಬೈಯಿರಿ ಅಂದೆ. ಅವತ್ತು ಬಾಯಿಗೆ ಬರದ ಬಹುವಚನ ಈಗ ತಾನಾಗಿ ಬಂತು. ಮಾದಣ್ಣೋರೇ, ನನ್ನನ್ನು ಲೇ ಅನ್ನಿ, ಉಗಿಯಿರಿ, ಬೇಕಾದರೆ ಒಂದು ಏಟು ಹೊಡೆಯಿರಿ, ಸಾ ಅಂತ ಮಾತ್ರ ಕರೆಯಬೇಡಿ ಅಂದೆ. ಟೀ ಸೋಸುತ್ತಿದ್ದ ಮಗಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.

ಅವರು ನಿಜವಾಗಿಯೂ ಯೋಚನೆ ಮಾಡಿದರು. ಬೇರೆ ಏನಾದರೂ ಮಾತು ಸಿಕ್ಕೀತೇ ಅಂತ ಹುಡುಕಿದವರ ಹಾಗೆ ಕಂಡರು. ಆಮೇಲೆ ಮಗಳು ಇಟ್ಟ ಟೀ ಗ್ಲಾಸನ್ನು ಮಡಚಿದ ಎರಡೂ ಅಂಗೈ ನಡುವೆ ಎತ್ತಿ ನನ್ನ ಕಡೆ ಚಾಚಿದರು.

“ಇನ್ನೇನಂತ ಕರೀಲಿ ಸಾ ನಿಮ್ಮನ್ನ?” ಅಂದರು. “ಇಡ್ಕಳಿ, ಬಿಸಿ ಅದೆ. ಕೈ ಸುಟ್ಕಂಡೀರಿ.”